ಎರಡು ಸಲ ತೆಗೆದ ಕಿರೀಟ

ಮಗಳ ಶಾಲೆಯ ವೇಷಭೂಷಣ ಸ್ಪರ್ಧೆಗೆ ಒಂದು ಕಿರೀಟ ಬೇಕಿತ್ತು. ಕೆ.ಆರ್. ನಗರದ ಡ್ರಾಮಾ ಡ್ರೆಸ್ ಅಂಗಡಿಯವನು ಅಟ್ಟದಿಂದ ತಗಡಿನ ಪೆಟ್ಟಿಗೆ ಇಳಿಸಿ ಮುಚ್ಚಳ ತೆಗೆದ. ಕೊಬ್ಬರಿ ಎಣ್ಣೆ, ಮುಖಕ್ಕೆ ಬಳಿಯುವ ಸಫೇದ, ಹಳೆಯ ಅಂಟು, ಯಾರದೋ ತಲೆಯ ಬೆವರು… ಎಲ್ಲ ಬೆರೆತ ವಾಸನೆ. ಮಗಳು ಮೂಗು ಮುಚ್ಚಿಕೊಂಡಳು. ನಾನು ಬಗ್ಗಿ ಇನ್ನೊಮ್ಮೆ ಮೂಸಿದೆ. ನಾಟಕದ ಮೇಷ್ಟ್ರು ಪಕ್ಕಕ್ಕೆ ಬಂದು ಕೂತ ಹಾಗಾಯಿತು.

ಅವರ ಕೊನೆಯ ನಾಟಕದ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಕಣ್ಣಾರೆ ಕಂಡದ್ದು ಯಾವುದು, ಹೇಳುತ್ತ ಹೇಳುತ್ತ ಸೇರಿಕೊಂಡದ್ದು ಯಾವುದು ಎಂದು ಬೇರೆ ಮಾಡುವುದು ಈಗ ಕಷ್ಟ. ಖಚಿತವಿರುವಲ್ಲಿ ಖಚಿತ ಎನ್ನುತ್ತೇನೆ. ಉಳಿದ ಕಡೆ ನೀವೂ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ.

ತೊಂಬತ್ತರ ದಶಕದ ಮೊದಲ ಭಾಗ. ಸುಗ್ಗಿ ಮುಗಿದ ಮೇಲೆ ಮೇಷ್ಟ್ರು ಹನಗೋಡಿನ ಕಡೆಯಿಂದ ಸೈಕಲ್ ಕ್ಯಾರಿಯರಿಗೆ ಹಾರ್ಮೋನಿಯಂ ಕಟ್ಟಿಕೊಂಡು ಭೇರ್ಯದ ಪಕ್ಕದ ನಮ್ಮೂರಿಗೆ ಬರುತ್ತಿದ್ದರು. ಎರಡು ತಿಂಗಳಿದ್ದು ಊರವರಿಗೆ ಪೌರಾಣಿಕ ನಾಟಕ ಕಲಿಸುತ್ತಿದ್ದರು. ತಾವು ಮಾತ್ರ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವರು. ನಮ್ಮ ಕಡೆ ಸಾಯುವ ದೃಶ್ಯಕ್ಕೆ ಜನ ಒನ್ಸ್ ಮೋರ್ ಕೂಗಿದರೆ, ಸತ್ತವನು ಎದ್ದು ಮೈ ಕೊಡವಿಕೊಂಡು ಮತ್ತೆ ಹಾಡಿ ಮತ್ತೆ ಸಾಯಬೇಕು. ಊರವರ ಎಲ್ಲ ಹಟಕ್ಕೂ ಬಗ್ಗುತ್ತಿದ್ದ ಮೇಷ್ಟ್ರು ಇದೊಂದಕ್ಕೆ ಬಗ್ಗುತ್ತಿರಲಿಲ್ಲ. ಕೂಗು ಬಿದ್ದ ತಕ್ಷಣ ಹಾರ್ಮೋನಿಯಂ ಮುಚ್ಚಿ ಕೈಕಟ್ಟಿ ಕೂತುಬಿಡುತ್ತಿದ್ದರು.

ನಾನು ಆಗ ಬಿ.ಎ. ಓದುತ್ತಿದ್ದೆ. ಜಗಲಿಯ ಮೇಲೆ ಇತಿಹಾಸದ ಪುಸ್ತಕ ಹಿಡಿದರೆ ಮೇಷ್ಟ್ರು ಗಟ್ಟಿಯಾಗಿ ಓದಿಸಿಕೊಂಡು ಕಣ್ಣು ಮುಚ್ಚಿ ಕೇಳುತ್ತಿದ್ದರು. ರೋಮಿನವರು ಬಂದರು, ಹೋದರು. ತುರ್ಕರು, ರಷ್ಯಾದ ಝಾರ್‌ಗಳು… ಫ್ರಾನ್ಸಿನ ಚಕ್ರವರ್ತಿಯ ಹತ್ತಿರ ಬಂದಾಗ ಕಣ್ಣು ಬಿಟ್ಟರು. ಯುರೋಪನ್ನೆಲ್ಲ ಗೆದ್ದವನು, ರಷ್ಯಾದ ಹಿಮದಲ್ಲಿ ಸೈನ್ಯ ಕಳೆದುಕೊಂಡವನು, ಕೊನೆಗೆ ಕಿರೀಟ ಬಿಟ್ಟುಕೊಟ್ಟು ಸಮುದ್ರದ ನಡುವಿನ ದ್ವೀಪದಲ್ಲಿ ಕಣ್ಣು ಮುಚ್ಚಿದವನು.

“ಆ ದ್ವೀಪದಲ್ಲಿ ಕುಡಿಯಾಕೆ ಸಿಹಿನೀರಿತ್ತಾ?” ಎಂದು ಕೇಳಿದರು.

ಪುಸ್ತಕದಲ್ಲಿ ಅದು ಇರಲಿಲ್ಲ.

“ಓಗ್ಲಿ ಬುಡು ಕಾಲೇಜು, ಬೇರೆ ಪುಸ್ತಕದಲ್ಲಿ ನೋಡಿ ಏಳು. ಈ ವರ್ಷ ಇವನ್ನೇ ಆಡ್ಸನ.” ಅವರ ಬಾಯಲ್ಲಿ ನನ್ನ ಹೆಸರೇ ಕಾಲೇಜು.

ನಮ್ಮೂರಲ್ಲಿ ರಾಜನ ಪಾರ್ಟು ಯಾವತ್ತೂ ಹಳೇ ಚೇರ್ಮನ್ನರದು. ಆ ಸಲದ ಪಂಚಾಯಿತಿ ಚುನಾವಣೆಯಲ್ಲಿ ಅವರ ಕುರ್ಚಿ ಹೆಂಗಸರಿಗೆ ಮೀಸಲಾಗಿತ್ತು. ನಮ್ಮ ಗದ್ದೆಗಳಿಗೆಲ್ಲ ನಾಟಿಗೆ ಬರುತ್ತಿದ್ದ ಕೆಳಗೇರಿಯ ಹೆಂಗಸೊಬ್ಬರು ಅಧ್ಯಕ್ಷರಾಗಿದ್ದರು. ಪಂಚಾಯಿತಿ ಕೋಣೆಯ ಬೀಗದ ಕೈ ಮಾತ್ರ ಇನ್ನೂ ಚೇರ್ಮನ್ನರ ಉಡಿದಾರದಲ್ಲೇ ಇತ್ತು. ಹೊಸ ಅಧ್ಯಕ್ಷರು ದಿನಾ ಬಂದು ಬೀಗ ಹಾಕಿದ ಬಾಗಿಲ ಮುಂದೆ ಮೆಟ್ಟಿಲ ಮೇಲೆ ಕೂತು ಅರ್ಜಿ ಇಸಿದುಕೊಂಡು ಹೋಗುತ್ತಿದ್ದರು. ಊರೆಲ್ಲ ನೋಡುತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ತಾಲೀಮಿನಲ್ಲಿ ಚೇರ್ಮನ್ನರು ಯುದ್ಧಗಳನ್ನೆಲ್ಲ ಚೆನ್ನಾಗಿಯೇ ಗೆದ್ದರು. ಕೊನೆಯ ದೃಶ್ಯಕ್ಕೆ ನಿಂತುಬಿಟ್ಟರು. ಎಲ್ಲರೆದುರು ಕಿರೀಟ ತೆಗೆದು ಬೆಂಚಿನ ಮೇಲಿಡುವ ದೃಶ್ಯ ಅದು. ಮುಂದಿನ ಸಾಲಿನಲ್ಲಿ ಯಾರು ಕೂತಿರುತ್ತಾರೆಂದು ಅವರಿಗೆ ಗೊತ್ತಿತ್ತು.

“ನಮ್ ಪುರಾಣದ ರಾಜರು ಸತ್ತು ಬಿದ್ರೂವೆ ಕಿರೀಟ ತಲೆ ಮ್ಯಾಲೇ ಇರ್ತದೆ ಕಣ್ರೀ ಮೇಷ್ಟ್ರೇ. ನಾನ್ಯಾಕೆ ತೆಗೀಲಿ? ಬೇಕಾದ್ರೆ ಸಾಯ್ತೀನಿ ಬುಡಿ.”

“ಸಾಯದು ಸಲೀಸು ಚೇರ್ಮನ್ರೇ,” ಎಂದರು ಮೇಷ್ಟ್ರು. “ಬದುಕಿದ್ದಂಗೇ ತೆಗೀಬೇಕು. ಅದು ನಿಮ್ ಕೈಲಾಗದಿದ್ರೆ ಏಳಿ, ಬೇರೆಯವ್ರ ನೋಡ್ತೀನಿ.”

ಹದಿನೈದು ವರ್ಷದಲ್ಲಿ ಚೇರ್ಮನ್ನರಿಗೆ ಹಾಗೆ ಹೇಳಿದವರನ್ನು ನಾನು ಕಂಡಿರಲಿಲ್ಲ. ಅವರು ಎದ್ದು ಹೋದರು. ಮಾರನೆಯ ದಿನ ಬಂದರು, ತೆಗೆಯುತ್ತೇನೆಂದೂ ಹೇಳಲಿಲ್ಲ, ತೆಗೆಯುವುದಿಲ್ಲವೆಂದೂ ಹೇಳಲಿಲ್ಲ.

ಆಟದ ದಿನ ನಾನು ಸೈಡ್‌ವಿಂಗಿನಲ್ಲಿ ಪುಸ್ತಕ ಹಿಡಿದು ಮಾತು ನೆನಪಿಸಲು ನಿಂತಿದ್ದೆ. ಫ್ರಾನ್ಸಿನವರ ಉಡುಪು ಹೇಗಿರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ, ಚಕ್ರವರ್ತಿಗೂ ಪುರಾಣದ ರಾಜರ ಅದೇ ಗಾಜಿನ ಚೂರು ಅಂಟಿಸಿದ ರಟ್ಟಿನ ಕಿರೀಟ, ಅದೇ ಭುಜಕೀರ್ತಿ. ರಷ್ಯಾದ ಹಿಮಕ್ಕೆ ಮೇಷ್ಟ್ರು ರೈಸ್‌ಮಿಲ್ಲಿನಿಂದ ಭತ್ತದ ಹೊಟ್ಟು ತರಿಸಿದ್ದರು. ಚಪ್ಪರದ ಮೇಲಿಂದ ಮೊರದಲ್ಲಿ ತೂರಿದರೆ ಎಂಟು ಜನರ ಮಹಾಸೈನ್ಯ ಮೈ ಕೆರೆದುಕೊಳ್ಳುತ್ತಲೇ ಸತ್ತಿತು. ಜನ ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ಹಾರ್ಮೋನಿಯಂನಲ್ಲಿ ಒಂದೇ ಒಂದು ಮಂದ್ರ ಸ್ವರ ಒತ್ತಿ ಹಿಡಿದರು. ಬಿಡಲೇ ಇಲ್ಲ. ನಗು ಒಂದೊಂದು ಕಡೆಯಿಂದ ಆರುತ್ತ ಬಂತು. ಮುದುಕಿಯೊಬ್ಬರು ಸೆರಗು ಎಳೆದು ಹೊದ್ದುಕೊಂಡರು. ಹಿಮವನ್ನೇ ಕಾಣದ ಊರಿಗೆ ಚಳಿ ಹುಟ್ಟಿತು. ಇದು ಖಚಿತ. ನನ್ನ ತೋಳಿನ ಕೂದಲೂ ಎದ್ದಿತ್ತು.

ಕೊನೆಯ ದೃಶ್ಯ ಬರುವಾಗ ಬೆಳಕು ಹರಿದಿತ್ತು. ಚೇರ್ಮನ್ನರ ಮುಖದ ಬಣ್ಣ ಬಿರುಕು ಬಿಟ್ಟಿತ್ತು. ಹಾಡಿದರು. ಹೆಗಲ ಟವೆಲು ಎಳೆದಷ್ಟು ಸರಕ್ಕನೆ ಕಿರೀಟ ತೆಗೆದು ಬೆಂಚಿಗೆ ತಾಗಿಸಿ, ಮತ್ತೆ ಕಂಕುಳಿಗೆ ಸಿಕ್ಕಿಸಿ ಒಳಗೆ ತಿರುಗಿದರು. ಯಾರಿಗೂ ಸರಿಯಾಗಿ ಕಾಣಲಿಲ್ಲ.

“ಒನ್ಸ್ ಮೋರ್” ಎಂಬ ಕೂಗು ಹಿಂದಿನಿಂದ ಬಂತು.

ನಾನು ಮೇಷ್ಟ್ರ ಕಡೆ ನೋಡಿದೆ. ಈಗ ಹಾರ್ಮೋನಿಯಂ ಮುಚ್ಚುತ್ತಾರೆ ಅಂದುಕೊಂಡೆ. ಅವರು ಮುಚ್ಚಲಿಲ್ಲ. ಅದೇ ಹಾಡಿನ ಮೊದಲ ಸ್ವರ ಮತ್ತೆ ಒತ್ತಿ, ತಲೆಯೆತ್ತಿ ಚೇರ್ಮನ್ನರನ್ನು ನೋಡುತ್ತ ಕೂತರು.

ಒನ್ಸ್ ಮೋರ್ ಬಿದ್ದ ಮೇಲೆ ನಟ ಒಳಗೆ ಹೋಗುವ ಹಾಗಿಲ್ಲ. ಚೇರ್ಮನ್ನರು ವಾಪಸು ಬಂದು ಕಿರೀಟ ಹಾಕಿಕೊಂಡರು. ಹಾಡು ಈ ಸಲ ನಿಧಾನವಾಗಿ ಬಂತು. ಎರಡೂ ಕೈ ಮೇಲೆ ಹೋದವು. ಬೆವರಿಗೆ ಅಂಟಿಕೊಂಡ ಕಿರೀಟ ಬೇಗ ಬರಲಿಲ್ಲ. ಬಂದಾಗ ಬೋಳುತಲೆಯ ಸುತ್ತ ಅದರ ಅಂಚು ಒತ್ತಿದ ಕೆಂಪು ಗೆರೆ ಕಂಡಿತು. ಅವರು ಬಗ್ಗಿ, ಮಲಗಿದ ಮಗುವನ್ನು ಇಳಿಸುವ ಹಾಗೆ, ಅದನ್ನು ಬೆಂಚಿನ ಮೇಲಿಟ್ಟರು. ಕೈ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. ಒಂದು ಸಾಮ್ರಾಜ್ಯ ಮುಗಿಯುವಾಗ ಎಷ್ಟು ಸಣ್ಣ ಸದ್ದಾಗುತ್ತದೆಂದು ಅವತ್ತು ಕೇಳಿದೆ: ಮರಕ್ಕೆ ರಟ್ಟು ತಾಗಿದ ಸದ್ದು.

ಆಗ ಮುಂದಿನ ಸಾಲಿನಲ್ಲಿದ್ದ ಹೊಸ ಅಧ್ಯಕ್ಷರು ಎದ್ದು ಕೈಮುಗಿದರು ಎಂದು ನನ್ನ ನೆನಪು. ನಮ್ಮಕ್ಕ ಒಪ್ಪುವುದಿಲ್ಲ. ಅವರ ತೊಡೆಯ ಮೇಲೆ ಮಗು ಮಲಗಿತ್ತು, ಏಳುವುದೆಲ್ಲಿ ಬಂತು ಅನ್ನುತ್ತಾಳೆ. ಅದೇ ಬೆಳಿಗ್ಗೆ ಚೇರ್ಮನ್ನರು ಬೀಗದ ಕೈ ಒಪ್ಪಿಸಿದರು ಎಂದು ಊರು ಹೇಳುತ್ತದೆ. ನಾನೂ ಬಹಳ ಕಡೆ ಹಾಗೇ ಹೇಳಿದ್ದೇನೆ. ಅದು ಸುಳ್ಳು. ಒಂಬತ್ತನೇ ದಿನವೋ ಹತ್ತನೇ ದಿನವೋ, ನಲ್ಲಿ ನೀರು ಬಿಡುವವನ ಕೈಲಿ ಕಳಿಸಿದರು. ಜೊತೆಗೆ ಒಂದು ಮಾತೂ ಇರಲಿಲ್ಲ. ಆದರೆ ಕಳಿಸಿದರು.

ಮೇಷ್ಟ್ರು ಹೊರಡುವಾಗ, ನಿಮ್ಮ ನಿಯಮ ನೀವೇ ಯಾಕೆ ಮುರಿದಿರಿ ಎಂದು ಕೇಳಿದೆ. ಹಾರ್ಮೋನಿಯಂಗೆ ಹಗ್ಗ ಬಿಗಿಯುತ್ತಿದ್ದವರು ತಿರುಗಲೂ ಇಲ್ಲ.

“ಅವ್ರೇನು ಸತ್ತಿರ್ಲಿಲ್ವಲ್ಲ ಕಾಲೇಜು. ಆ ನೀರಿನ ಇಸ್ಯ ನೋಡಿ ಏಳು.”

ಮುಂದಿನ ವರ್ಷ ಅವರು ಬರಲಿಲ್ಲ. ಆಮೇಲೆ ನಾಟಕವೇ ನಿಂತಿತು. ಎಷ್ಟೋ ವರ್ಷದ ಮೇಲೆ ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಯಾರೋ, ಮೇಷ್ಟ್ರು ಹೋಗಿ ಆಗಲೇ ಮೂರು ಮಳೆಗಾಲ ಆಯಿತು ಎಂದರು. ಹನಗೋಡಿನ ಬಸ್ಸು ಎದುರಿಗೇ ನಿಂತಿತ್ತು. ನಾನು ಹತ್ತಲಿಲ್ಲ… ಯಾಕೆ ಎಂಬುದಕ್ಕೆ ಬೇರೆ ಬೇರೆ ಕಾರಣ ಕೊಟ್ಟುಕೊಂಡಿದ್ದೇನೆ.

ಅಂಗಡಿಯಲ್ಲಿ ಮಗಳು ಕಿರೀಟ ಇಟ್ಟುಕೊಂಡು ನೋಡಿದಳು. ಕಿವಿಯವರೆಗೂ ಇಳಿಯಿತು. “ಭಾರ ಅಪ್ಪ,” ಎಂದು ತೆಗೆದು ಕೈಗೆ ಕೊಟ್ಟಳು. ಒಳಗಿನ ಬಟ್ಟೆಯ ಅಂಚಿನಲ್ಲಿ ಕಪ್ಪಗೆ ಬೆವರಿನ ಕಲೆ. ಅದೇ ಕಿರೀಟ ಎಂದು ನಾನು ಹೇಳುವುದಿಲ್ಲ.

ಆ ದ್ವೀಪದ ವಿಷಯ ಮೊನ್ನೆ ಮೊನ್ನೆ ಒಂದು ಪುಸ್ತಕದಲ್ಲಿ ಸಿಕ್ಕಿತು. ಒಂದು ಕಣಿವೆಯಲ್ಲಿ ಚಿಲುಮೆ ಇತ್ತಂತೆ. ಚಕ್ರವರ್ತಿಗೆ ದಿನಾ ಅಲ್ಲಿಂದಲೇ ನೀರು ತರುತ್ತಿದ್ದರಂತೆ. ಅವನನ್ನು ಮಣ್ಣು ಮಾಡಿದ್ದೂ ಅದರ ಪಕ್ಕದಲ್ಲೇ.

ಇತ್ತು ಮೇಷ್ಟ್ರೇ. ಸಿಹಿನೀರು.