ಹುಡುಗಿಯನ್ನು ನೋಡಲು ಬಂದವರು

ನನ್ನ ಕೋಣೆಗೆ ಮಕ್ಕಳನ್ನು ಕರೆತರುವ ತಾಯಂದಿರಿಗೆ ನಾನು ಮೊದಲು ಬಿಸಿ ಕಾಫಿ ಕೊಡುತ್ತೇನೆ. ಸತ್ಕಾರವೇನಲ್ಲ. ಅವರ ಬಾಯಿ ಲೋಟದಲ್ಲಿ ಇರುವಷ್ಟು ಹೊತ್ತು ಮಗುವಿನ ಹತ್ತಿರ ಎರಡು ಮಾತಾಡಬಹುದು, ಅಷ್ಟೆ. ಕಾಫಿ ತುಂಬ ಬಿಸಿ ಇದ್ದರೆ ಮೂರು ಮಾತು.

ಕೋಣೆ ಇರುವುದು ಬನಶಂಕರಿಯಲ್ಲಿ, ನಮ್ಮ ಮನೆಯ ಮಹಡಿಯ ಮೇಲೆ. ಕಾಲೇಜಿನಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಪಾಠ ಮಾಡಿ, ಕೊನೆಗೊಂದು ದಿನ ಪ್ರಿನ್ಸಿಪಾಲರ ಜೊತೆ ಜಗಳ ಆಡಿ ಬಿಟ್ಟುಬಂದ ಮೇಲೆ ಈ ಕೆಲಸ ಹಿಡಿದೆ. ಪಿಯುಸಿ ಓದುವ ಮಕ್ಕಳು ಹೊರದೇಶದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಲು ನೆರವಾಗುವುದು. ಯಾವ ಕೋರ್ಸು, ಯಾವ ಊರು, ಯಾವ ಪರೀಕ್ಷೆ, ತಮ್ಮ ಬಗ್ಗೆ ತಾವೇ ಬರೆದುಕೊಳ್ಳುವುದು ಹೇಗೆ, ಇಂಥವೆಲ್ಲ. ನಮ್ಮ ಬೀದಿಯವರು ನನ್ನನ್ನು ಫಾರಿನ್ ಮೇಡಂ ಎನ್ನುತ್ತಾರೆ. ನಾನು ಸ್ವತಃ ನೋಡಿರುವ ಫಾರಿನ್ ಎಂದರೆ ಕಠ್ಮಂಡು, ಅದೂ ಹೊಟ್ಟೆ ಕೆಟ್ಟು ಹೋಟೆಲಿನ ಕಿಟಕಿಯಿಂದ.

ಆ ಹುಡುಗಿ ಪದ್ಮನಾಭನಗರದಿಂದ ತಾಯಿಯ ಜೊತೆ ಬಂದಳು. ಅವರದು ತುಮಕೂರಿನ ಕಡೆಯಿಂದ ಬಂದು ನೆಲೆ ನಿಂತ ಕುಟುಂಬ. ತಂದೆಗೆ ಕನಕಪುರ ರಸ್ತೆಯಲ್ಲಿ ಗ್ರಾನೈಟ್ ಅಂಗಡಿ. ಅಡುಗೆಮನೆ ಕಟ್ಟೆಗೆ, ಮೆಟ್ಟಿಲಿಗೆ, ದೇವರ ಮನೆಗೆ ಹಾಕುವ ಕಲ್ಲು ಮಾರುತ್ತಾರೆ. ಹುಡುಗಿ ಕುರ್ಚಿಯ ತುದಿಯಲ್ಲಿ ಕೂತು ನನ್ನ ಮೇಜಿನ ಮೇಲಿದ್ದ ಪೇಪರ್‌ವೇಟನ್ನೇ ನೋಡುತ್ತಿದ್ದಳು. ಹೊಳೆಯಲ್ಲಿ ಸಿಕ್ಕ ಗುಂಡುಕಲ್ಲು ಅದು.

"ನಿನಗೆ ಏನು ಓದ್ಬೇಕು ಅಂತಿದೆ?" ಎಂದು ಅವಳನ್ನು ಕೇಳಿದೆ.

"ಅವಳಿಗೆ ಕಲ್ಲು ಅಂದ್ರೆ ಇಷ್ಟ ಮೇಡಂ," ಎಂದರು ತಾಯಿ.

"ಕಲ್ಲಲ್ಲಿ ಏನಮ್ಮ ಇಷ್ಟ?"

"ಚಿಕ್ಕೋಳಿದ್ದಾಗಿಂದ್ಲೂ ಅಷ್ಟೇ ಮೇಡಂ. ಅಂಗಡಿಗೆ ಕರ್ಕೊಂಡು ಹೋದ್ರೆ ಕಲ್ಲು ಸವರ್ಕೊಂಡು ಕೂತ್ಬಿಡೋಳು."

"ಕಾಫಿ ಆರ್ತಿದೆ, ಕುಡೀರಿ," ಎಂದೆ.

ಅವರು ಕುಡಿದರು. ಹುಡುಗಿ ಅಮ್ಮನ ಲೋಟ ಖಾಲಿಯಾಗುವುದನ್ನು ತಾಳ್ಮೆಯಿಂದ ಕಾಯುತ್ತಿದ್ದಳು.

ಅವಳು ಅಂಜುಬುರುಕಿ ಎಂದುಕೊಂಡೆ. ಆಮೇಲೆ ಅವಳು ಬರೆದ ಪ್ರಬಂಧ ಓದಿದಾಗ ಬೆಚ್ಚಿಬಿದ್ದೆ. ಬೆಂಗಳೂರಿನ ಅಡಿಯಲ್ಲಿರುವ ಬಂಡೆ ಎಷ್ಟು ಹಳೆಯದು, ಅದು ಕರಗಿ, ಮಡಿಚಿಕೊಂಡು, ಮತ್ತೆ ಗಟ್ಟಿಯಾದದ್ದು ಹೇಗೆ ಎಂದೆಲ್ಲ ಬರೆದು, ಈ ಊರಿನವರು ಅದರ ಮೇಲೆ ಪಾತ್ರೆ ತೊಳೆಯುತ್ತಾ ಅದನ್ನು ಒಂದು ದಿನವೂ ನೋಡುವುದಿಲ್ಲವಲ್ಲ ಎಂದು ನಮಗೆಲ್ಲ ಚೆನ್ನಾಗಿ ಬೈದಿದ್ದಳು. ಇಷ್ಟು ಮಾತು ಒಳಗೆ ಇಟ್ಟುಕೊಂಡವಳಿಗೆ ಅಂಜಿಕೆ ಎಲ್ಲಿಯದು? ಮಾತಾಡುವ ಅಗತ್ಯವೇ ಅವಳಿಗೆ ಬಿದ್ದಿರಲಿಲ್ಲ. ಡಾಕ್ಟರು ಎಲ್ಲಿ ನೋವು ಎಂದರೆ ಅಮ್ಮ ಹೇಳುತ್ತಿದ್ದರು. ದರ್ಜಿ ತೋಳು ಎಷ್ಟುದ್ದ ಎಂದರೂ ಅಮ್ಮನೇ.

ದೂರದ ತಣ್ಣನೆಯ ಊರೊಂದರ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದಬೇಕೆಂದು ಅವಳ ಆಸೆ. ತಂದೆ ಒಂದೇ ಷರತ್ತು ಹಾಕಿದ್ದರು. "ಫುಲ್ ಸ್ಕಾಲರ್‌ಶಿಪ್ ಬಂದ್ರೆ ಖಂಡಿತ ಕಳಿಸ್ತೀನಿ ಮೇಡಂ. ಬರ್ಲಿಲ್ಲ ಅಂದ್ರೆ ಇಲ್ಲೇ ಬಿಕಾಂ ಮಾಡ್ಕೊಂಡು ಅಂಗಡಿ ಲೆಕ್ಕ ನೋಡ್ಕೊಳ್ಳಲಿ. ಅಲ್ಲೂ ಕಲ್ಲೇ ಇರೋದು." ತಮಾಷೆಗೆ ಹೇಳಿದ್ದಲ್ಲ, ಮಗಳನ್ನು ನಿಜವಾಗಿಯೂ ಸಮಾಧಾನ ಮಾಡುತ್ತಿದ್ದರು.

ಅರ್ಜಿ ಹೋಯಿತು. ಸ್ವಲ್ಪ ದಿನಕ್ಕೆ ಸಂದರ್ಶನದ ಕರೆಯೂ ಬಂತು. ಆ ವಿಶ್ವವಿದ್ಯಾಲಯದ ಪದ್ಧತಿ ಹೀಗೆ: ಅಲ್ಲಿ ಓದಿ ಬಂದವರೊಬ್ಬರು ಹುಡುಗಿಯ ಊರಿನಲ್ಲೇ ಸಿಕ್ಕಿ, ಮಾತಾಡಿಸಿ, ಇವಳು ಎಂಥವಳು ಎಂದು ಬರೆದು ಕಳಿಸುತ್ತಾರೆ. ಸ್ಕಾಲರ್‌ಶಿಪ್ ಕೊಡುವುದು, ಬಿಡುವುದು ಬಹುಪಾಲು ಅದರ ಮೇಲೆ ನಿಂತಿತ್ತು. ಭಾನುವಾರ ಬೆಳಿಗ್ಗೆ, ಜಯನಗರದ ಒಂದು ಕಾಫಿ ಅಂಗಡಿಯಲ್ಲಿ.

ನಾನು ಅಣಕು ಸಂದರ್ಶನ ಶುರು ಮಾಡಿದೆ. ಪ್ರಶ್ನೆ ಕೇಳಿದ ಕೂಡಲೇ ಹುಡುಗಿ ಪಕ್ಕಕ್ಕೆ ತಿರುಗಿ ಅಮ್ಮನ ಮುಖ ನೋಡುತ್ತಿದ್ದಳು. ತಾಯಿಯನ್ನು ತರಕಾರಿ ತರಲು ಅಟ್ಟಿದೆ. ಹುಡುಗಿ ಖಾಲಿ ಕುರ್ಚಿಯನ್ನು ನೋಡಿದಳು. ನನಗೆ ಸಿಟ್ಟು ನೆತ್ತಿಗೇರಿತು. "ಕುರ್ಚಿ ಉತ್ತರ ಹೇಳತ್ತಾ?" ಎಂದು ಕೂಗಿದೆ. ಅವಳು ನಕ್ಕಳು. ನಕ್ಕಾಗ ಎಷ್ಟು ಚೆಂದ ಕಾಣುತ್ತಾಳೆ ಎನ್ನಿಸಿ ನನ್ನ ಸಿಟ್ಟು ಇಳಿದುಹೋಯಿತು. ಆದರೂ ಉತ್ತರ ಬರಲಿಲ್ಲ.

ಮನೆಯವರಿಗೆ ಮಾತ್ರ ಸ್ಪಷ್ಟವಾಗಿ ಹೇಳಿದ್ದೆ: ಹುಡುಗಿ ಒಬ್ಬಳೇ ಹೋಗಬೇಕು, ತಂದೆ ಬಾಗಿಲವರೆಗೆ ಬಿಟ್ಟು ವಾಪಸ್ ಬರಬೇಕು. ಇಬ್ಬರೂ ಬಹಳ ವಿಧೇಯವಾಗಿ ತಲೆಯಾಡಿಸಿದ್ದರು. ಅಷ್ಟು ವಿಧೇಯತೆ ಕಂಡಾಗಲೇ ನನಗೆ ಅನುಮಾನ ಬರಬೇಕಿತ್ತು.

ಭಾನುವಾರ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದಾಗ ತಂದೆಯ ಫೋನು. "ಮೇಡಂ, ಎಲ್ರೂ ಹೊರಟ್ವಿ. ನೀವೂ ಬಂದ್ಬಿಡಿ, ದೊಡ್ಡೋರು ಅಂತ ಒಬ್ರು ಇರ್ಲಿ."

"ಎಲ್ರೂ ಅಂದ್ರೆ ಯಾರ‍್ರೀ?"

"ನಾವು, ನಮ್ಮಮ್ಮ. ಅಷ್ಟೇ. ಇವಳು ಸೀರೆ ಉಟ್ಕೊಂಡು ಲಕ್ಷಣವಾಗಿ ಕಾಣ್ತಿದಾಳೆ ಮೇಡಂ."

ಸೀರೆ ಎಂದದ್ದೇ ಒಲೆ ಆರಿಸಿ, ಚಪ್ಪಲಿ ಮೆಟ್ಟಿ, ಆಟೋ ಹಿಡಿದೆ. ದಾರಿಯುದ್ದಕ್ಕೂ ನನಗೆ ಅರ್ಥವಾದದ್ದು ಇಷ್ಟು: ಗುರುತಿಲ್ಲದವರೊಬ್ಬರು ಮನೆಯ ಹೆಣ್ಣುಮಗಳನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿ, ಒಪ್ಪಿಗೆಯೋ ಇಲ್ಲವೋ ಆಮೇಲೆ ತಿಳಿಸುತ್ತೇವೆ ಎಂದು ಎದ್ದು ಹೋಗುವುದು ಆ ಮನೆಯವರಿಗೆ ಹೊಸದಲ್ಲ. ಅದನ್ನು ಹೇಗೆ ನಡೆಸಬೇಕೆಂದು ಅವರಿಗೆ ಚೆನ್ನಾಗಿ ಗೊತ್ತು. ಹೆಣ್ಣು ನೋಡುವ ಶಾಸ್ತ್ರವನ್ನು ಅವರು ಎಷ್ಟೋ ಸಲ ಮಾಡಿದ್ದಾರೆ.

ನಾನು ಹೋಗುವಷ್ಟರಲ್ಲಿ ತಡವಾಗಿತ್ತು. ಕಾಫಿ ಅಂಗಡಿಯ ಎರಡು ಮೇಜು ಸೇರಿಸಿ ಹಾಕಿಸಿದ್ದರು. ಮಧ್ಯದಲ್ಲಿ ಹುಡುಗಿ, ಮಾವಿನೆಲೆ ಬಣ್ಣದ ರೇಷ್ಮೆ ಸೀರೆ, ಮಲ್ಲಿಗೆ ದಂಡೆ, ದೃಷ್ಟಿ ನೆಲದ ಮೇಲೆ. ಒಂದು ಬದಿಗೆ ತಂದೆ, ಒಂದು ಬದಿಗೆ ತಾಯಿ. ತುದಿಯಲ್ಲಿ ತಂದೆಯ ತಾಯಿ, ಹಣೆ ತುಂಬ ವಿಭೂತಿ, ತೊಡೆಯ ಮೇಲೆ ಕರ್ಜಿಕಾಯಿ ತುಂಬಿದ ಸ್ಟೀಲ್ ಡಬ್ಬಿ. ಎದುರಿಗೆ ಸಂದರ್ಶನ ಮಾಡಲು ಬಂದವಳು. ಜೀನ್ಸ್ ತೊಟ್ಟ, ಹೆಲ್ಮೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡ, ಜೆ.ಪಿ. ನಗರದ ಹುಡುಗಿ. ಇನ್ನೂ ಮೂವತ್ತು ಆಗಿರಲಾರದು. ನಾನು ಪಕ್ಕದ ಮೇಜಿನಲ್ಲಿ ಕೂತು ಮುಖ ಮರೆಸಿಕೊಳ್ಳಲು ನೋಡಿದೆ. ತಾಯಿ ಎದ್ದು "ಬನ್ನಿ ಮೇಡಂ, ಬನ್ನಿ" ಎಂದು ಎಲ್ಲರಿಗೂ ಕೇಳುವಂತೆ ಕರೆದರು.

ಬಂದವಳು ನಗುತ್ತಾ ಇಂಗ್ಲಿಷಿನಲ್ಲಿ ಮೊದಲ ಪ್ರಶ್ನೆ ಕೇಳಿದಳು: ನಿನ್ನ ಬಗ್ಗೆ ಸ್ವಲ್ಪ ಹೇಳು.

"ಶೀ ಈಸ್ ವೆರಿ ಒಬೀಡಿಯಂಟ್," ಎಂದರು ತಾಯಿ. "ನೋ ಬ್ಯಾಡ್ ಹ್ಯಾಬಿಟ್ಸ್."

"ಅಡುಗೇನೂ ಬರತ್ತೆ," ಎಂದು ಅಜ್ಜಿ ಸೇರಿಸಿದರು.

ಬಂದವಳು ಅಜ್ಜಿಯ ಕಡೆ ತಿರುಗಿ, "ನಂಗೆ ಕನ್ನಡ ಬರತ್ತೆ ಅಜ್ಜಿ, ಪರವಾಗಿಲ್ಲ" ಎಂದಳು. ಪಾಪ, ಮರ್ಯಾದೆಗೆ ಹೇಳಿದ್ದು. ಅಲ್ಲಿಗೆ ಅವಳ ಕಥೆ ಮುಗಿಯಿತು.

"ಹೌದಾ! ಯಾವೂರಮ್ಮ ನಿಮ್ದು?" ಅಜ್ಜಿ ಡಬ್ಬಿಯ ಮುಚ್ಚಳ ತೆಗೆದರು. "ತಗೋ, ಮನೇಲಿ ಮಾಡಿದ್ದು. ಮದ್ವೆ ಆಗಿದ್ಯಾ?"

"ಇಲ್ಲ ಅಜ್ಜಿ."

"ಯಾಕಮ್ಮ? ನನ್ನ ತಮ್ಮನ ಮೊಮ್ಮಗ ಒಬ್ಬ ಇದಾನೆ, ಬಂಗಾರದಂಥ ಹುಡುಗ. ಸುದ್ದಗುಂಟೆಪಾಳ್ಯದಲ್ಲಿ ಸ್ವಂತ ಮನೆ."

"ಬಾಡಿಗೇನೂ ಬರತ್ತೆ," ಎಂದರು ತಂದೆ.

"ನೀವು ಎಷ್ಟು ಜನ ಮಕ್ಳು? ಅಪ್ಪ ಏನ್ ಮಾಡ್ತಾರೆ?" ಎಂದು ತಾಯಿ ಮುಂದಕ್ಕೆ ಬಾಗಿದರು.

ನಾನು ಹಣೆ ಚಚ್ಚಿಕೊಂಡೆ. ವರ್ಷವಿಡೀ ಪಟ್ಟ ಪಾಡು ಕರ್ಜಿಕಾಯಿಯ ಡಬ್ಬಿಯಲ್ಲಿ ಮುಗಿದುಹೋಗುತ್ತಿತ್ತು. ಬಂದವಳು ಕರ್ಜಿಕಾಯಿ ಕೈಯಲ್ಲಿ ಹಿಡಿದು, ತಿನ್ನಲೂ ಆಗದೆ ಇಡಲೂ ಆಗದೆ, ಉತ್ತರ ಹುಡುಕುತ್ತಾ ಕುಗ್ಗುತ್ತಿದ್ದಳು. ಅವಳ ದೃಷ್ಟಿಯೂ ನಿಧಾನವಾಗಿ ನೆಲಕ್ಕೆ ಇಳಿಯಿತು.

ಆಗ ಕುರ್ಚಿ ಕಿರ್ರೆಂದಿತು. ಹುಡುಗಿ ಎದ್ದು ನಿಂತಿದ್ದಳು.

"ಅಜ್ಜಿ, ಸಾಕು ಸುಮ್ನಿರು. ಅವರು ನನ್ನ ನೋಡಕ್ಕೆ ಬಂದಿರೋದು. ನಾವು ಅವರನ್ನ ನೋಡಕ್ಕೆ ಬಂದಿಲ್ಲ."

ಅಜ್ಜಿಯ ಕೈಯಲ್ಲಿದ್ದ ಮುಚ್ಚಳ ಹಾಗೇ ನಿಂತಿತು. ತಾಯಿ ಮಗಳ ಪರವಾಗಿ ಏನೋ ಹೇಳಲು ಬಾಯಿ ತೆರೆದರು, ಆದರೆ ಹೇಳಬೇಕಾದ್ದನ್ನು ಮಗಳು ಆಗಲೇ ಹೇಳಿಯಾಗಿತ್ತು. ತನಗಾಗಿ ಒಂದು ಮಾತೂ ಆಡದವಳು ಇನ್ನೊಬ್ಬಳ ಇಕ್ಕಟ್ಟು ನೋಡಲಾರದೆ ಆಡಿದ್ದಳು. ನನಗೆ ಎದ್ದು ಚಪ್ಪಾಳೆ ತಟ್ಟಬೇಕೆನ್ನಿಸಿತು.

"ಅಕ್ಕಾ, ಹೊರಗೆ ಹೋಗೋಣ್ವಾ?" ಎಂದಳು ಅವಳು. "ಇಲ್ಲಿ ಫುಟ್‌ಪಾತ್ ಕಲ್ಲು ತುಂಬ ಚೆನ್ನಾಗಿದೆ. ತೋರಿಸ್ತೀನಿ."

ಇಬ್ಬರೂ ಹೊರಗೆ ಹೋದರು. ಗಾಜಿನ ಗೋಡೆಯಾಚೆ ನಮಗೆ ಎಲ್ಲ ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ಹುಡುಗಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಚರಂಡಿಯ ಮೇಲಿನ ಚಪ್ಪಡಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೇಬಿಟ್ಟಳು. ತಂದೆ ಅರ್ಧ ಎದ್ದು "ಅಯ್ಯೋ, ರೇಷ್ಮೆ ಸೀರೆ!" ಎಂದರು. ಬಂದವಳೂ ಹೆಲ್ಮೆಟ್ ಕೆಳಗಿಟ್ಟು ಪಕ್ಕದಲ್ಲಿ ಕೂತಳು. ಹುಡುಗಿಯ ಬೆರಳು ಕಲ್ಲಿನ ಮೇಲೆ ಓಡುತ್ತಿತ್ತು, ಬಾಯಿ ಬೆರಳಿಗಿಂತ ಜೋರಾಗಿ ಓಡುತ್ತಿತ್ತು. ಹೂವು ಮಾರುವವಳೊಬ್ಬಳು ನಿಂತು ನೋಡಿ, ಏನಾದರೂ ಬಿದ್ದುಹೋಗಿದೆಯೋ ಎಂದು ತಾನೂ ನೆಲದಲ್ಲಿ ಹುಡುಕಿದಳು.

"ಏನ್ ಹೇಳ್ತಿದಾಳೆ ಮೇಡಂ?" ತಾಯಿ ಗಾಜಿಗೆ ಮುಖ ಹಚ್ಚಿ ನಿಂತಿದ್ದರು. "ಒಂದೂ ಕೇಳಿಸ್ತಾ ಇಲ್ಲ."

"ನಂಗೂ ಕೇಳಿಸ್ತಿಲ್ಲ," ಎಂದೆ. ಆ ಹೊತ್ತಿಗೆ ನನಗೆ ಅದೇ ದೊಡ್ಡ ಸಂತೋಷವಾಗಿತ್ತು.

ತಂದೆ ಮಾತ್ರ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. "ಅದು ಸಾದರಹಳ್ಳಿ ಕಲ್ಲು," ಎಂದರು. "ಅಡ್ಡ ಒಂದು ಬಿಳಿ ಗೆರೆ ಹೋಗಿದೆ ನೋಡಿ, ಅದನ್ನ ತೋರಿಸ್ತಿದಾಳೆ. ಅಂಗಡೀಲಿ ಗೆರೆ ಬಂದಿರೋ ಕಲ್ಲನ್ನ ನಾನು ಡಿಫೆಕ್ಟ್ ಅಂತ ಹಿಂದೆ ಹಾಕಿಸ್ತೀನಿ. ಇವಳು ಸೀದಾ ಹಿಂದಕ್ಕೇ ಹೋಗೋಳು. ಯಾಕೆ ಅಂತ ನಾನು ಕೇಳೇ ಇಲ್ಲ." ಆಮೇಲೆ ಅವರು ಸೀರೆಯ ಸುದ್ದಿ ಎತ್ತಲಿಲ್ಲ.

ಅಜ್ಜಿ ಕೂತಲ್ಲಿಂದಲೇ ಕತ್ತು ಚಾಚಿ ನೋಡಿದರು. "ನನ್ನ ನೋಡಕ್ಕೆ ಬಂದಾಗ ನಾನೂ ಹಿಂಗೇ ನೆಲ ನೋಡ್ಕೊಂಡಿದ್ದೆ," ಎಂದರು. "ಒಂದು ಮಾತೂ ಆಡ್ಲಿಲ್ಲ. ಇವಳು ನೆಲ ನೋಡ್ಕೊಂಡೇ ಎಷ್ಟು ಮಾತಾಡ್ತಾಳೆ ನೋಡು!" ಹೇಳಿ, ಒಂದು ಕರ್ಜಿಕಾಯಿ ಮುರಿದು ಅರ್ಧ ನನಗೆ ಕೊಟ್ಟರು. ಚೆನ್ನಾಗಿತ್ತು. ಕೊಬ್ಬರಿಗೆ ಏಲಕ್ಕಿ ಸ್ವಲ್ಪ ಹೆಚ್ಚಾಗಿತ್ತು, ಅಷ್ಟೆ.

ಇಬ್ಬರೂ ಒಳಗೆ ಬಂದಾಗ ಬಿಸಿಲೇರಿತ್ತು. ಬಂದವಳ ಜೀನ್ಸಿಗೆಲ್ಲ ಧೂಳು. ನನ್ನ ಹತ್ತಿರ ಬಂದು ಮೆಲ್ಲಗೆ, "ನಮ್ಮ ಮನೆ ಮುಂದೂ ಇದೇ ಕಲ್ಲು ಇದೆ ಮೇಡಂ. ಇಷ್ಟು ವರ್ಷ ಅದರ ಮೇಲೇ ಗಾಡಿ ನಿಲ್ಲಿಸ್ತಿದೀನಿ" ಎಂದಳು. ಹೊರಡುವಾಗ ಅಜ್ಜಿ ಕಟ್ಟಿಕೊಟ್ಟ ಕರ್ಜಿಕಾಯಿಯ ಪೊಟ್ಟಣವನ್ನು ಬೇಡ ಎನ್ನದೆ ತೆಗೆದುಕೊಂಡಳು. ಸುದ್ದಗುಂಟೆಪಾಳ್ಯದ ಹುಡುಗನ ಫೋನ್ ನಂಬರನ್ನು ಮಾತ್ರ ತೆಗೆದುಕೊಳ್ಳಲಿಲ್ಲ.

ಫಲಿತಾಂಶ ಬರುವವರೆಗೆ ತಾಯಿ ನನಗೆ ದಿನಾ ಫೋನು ಮಾಡಿದರು. ನಾನು ದಿನಾ ರೇಗಿದೆ. ಕೊನೆಗೆ ಒಂದು ಬೆಳಿಗ್ಗೆ ಹುಡುಗಿಯೇ ಫೋನು ಮಾಡಿದಳು. ಅವಳ ದನಿ ಫೋನಿನಲ್ಲಿ ಹೇಗಿರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. "ಮೇಡಂ, ಸಿಕ್ತು. ಫುಲ್," ಎಂದಳು. ನಾನು ಏನು ಹೇಳಿದೆನೋ ನೆನಪಿಲ್ಲ. ಅಡುಗೆಮನೆಯ ಕಟ್ಟೆಯನ್ನು ಕೈಯಿಂದ ಬಡಿದದ್ದು ನೆನಪಿದೆ. ಅದೂ ಗ್ರಾನೈಟೇ, ಅಂಗೈ ಉರಿಯಿತು.

ಸಂಜೆ ತಾಯಿ, ಮಗಳು ಇಬ್ಬರೂ ಸಿಹಿ ತಂದರು. ಅಭ್ಯಾಸಬಲದಿಂದ ನಾನು ತಾಯಿಗೆ ಬಿಸಿ ಕಾಫಿ ಕೊಟ್ಟೆ. ಹುಡುಗಿಯನ್ನು ವೀಸಾ ಬಗ್ಗೆ, ಹಾಸ್ಟೆಲ್ಲಿನ ಬಗ್ಗೆ ಕೇಳಿದೆ. ಪ್ರತಿ ಸಲವೂ ತಾಯಿಯ ತುಟಿ ಅಲುಗುತ್ತಿತ್ತು. ಪ್ರತಿ ಸಲವೂ ಮಗಳು ಹೇಳಿದಳು. ತಾಯಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕುಡಿಯದೆ, ಅವಳ ಬಾಯನ್ನೇ ನೋಡುತ್ತಿದ್ದರು. ಇನ್ನು ಮುಂದೆ ಇವರು ಯಾರ ಪರವಾಗಿ ಉತ್ತರ ಕೊಡುತ್ತಾರೆ ಎಂದುಕೊಂಡೆ.

"ನಿಮಗೆ ಹೇಗನ್ನಿಸ್ತಿದೆ?" ಎಂದು ಕೇಳಿದೆ.

ತಾಯಿ ಕೂಡಲೇ ಮಗಳ ಕಡೆ ತಿರುಗಿದರು. "ಅವಳಿಗೆ ತುಂಬ ಖುಷಿ ಮೇಡಂ, ರಾತ್ರಿಯೆಲ್ಲ..."

"ಅಮ್ಮಾ," ಎಂದಳು ಹುಡುಗಿ. "ಅವರು ಕೇಳಿದ್ದು ನಿನ್ನ."

ತಾಯಿ ನನ್ನನ್ನು ನೋಡಿದರು, ಮಗಳನ್ನು ನೋಡಿದರು. ಪಕ್ಕದ ಖಾಲಿ ಕುರ್ಚಿಯನ್ನೂ ಒಮ್ಮೆ ನೋಡಿದರು. ನಾವಿಬ್ಬರೂ ಕಾದೆವು. ಕಾಫಿ ಪೂರ್ತಿ ಆರಿಹೋಯಿತು.