ಚೊಕ್ಕ ಪ್ರತಿ ಮಾಡಿದವರು

ಸುಮ್ಮನೆ ಕೂತಾಗ ಚಾಚಾರ ಬಲಗೈ ತೋರುಬೆರಳು ನಡುಗುತ್ತಲೇ ಇರುತ್ತಿತ್ತು. ಕೀಬೋರ್ಡಿನ ಮೇಲೆ ಇಟ್ಟರೆ ಗಪ್ಪಾಗುತ್ತಿತ್ತು. ಆ ಒಂದೇ ಬೆರಳಿನಿಂದ ಅವರು ಸವಣೂರಿನ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಅರ್ಜಿ, ಬಾಂಡು, ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದರು. ಊರಿಗೆಲ್ಲ ಅವರು ಚಾಚಾ. ಬಾಯಲ್ಲಿ ಎಲೆ-ಅಡಿಕೆ ಇದ್ದವರಿಗೆ ಒಳಗೆ ಪ್ರವೇಶವಿಲ್ಲ. ಎಲೆಗೇ ಹೆಸರಾದ ಸವಣೂರಿನಲ್ಲಿ ಇಂಥ ನಿಯಮ ಮಾಡಿದರೆ ಗಿರಾಕಿ ಬಂದಾರೇ? ಬರುತ್ತಿದ್ದರು, ಹೊರಗೆ ಉಗುಳಿ.

ನಾನು ಹಾನಗಲ್ಲಿನ ಕಾಲೇಜಿನಲ್ಲಿ ಪಾಠ ಮಾಡುತ್ತ, ಹನ್ನೆರಡು ವರ್ಷ ಒದ್ದಾಡಿ, ಅಮೆರಿಕದ ಒಬ್ಬ ಹೆಸರಾಂತ ಕಾದಂಬರಿಕಾರನ ಜೀವನಚರಿತ್ರೆ ಬರೆದಿದ್ದೆ. ಬಂದರಿನಲ್ಲಿ ಮೂಟೆ ಹೊತ್ತ ಬಡವ, ಯಾರೂ ಕೊಳ್ಳದ ಮೊದಲ ಪುಸ್ತಕ, ಆಮೇಲೆ ದೇಶವೇ ತಲೆಯ ಮೇಲೆ ಹೊತ್ತು ಕುಣಿದ ಖ್ಯಾತಿ. ಪ್ರಕಾಶಕರು ಕಡ್ಡಿ ಮುರಿದಂತೆ ಹೇಳಿದ್ದರು: ಶನಿವಾರದೊಳಗೆ ಟೈಪಾದ ಪ್ರತಿ ಬರದಿದ್ದರೆ ಪುಸ್ತಕದ ಆಸೆ ಬಿಡಿ. ಕೈಬರಹ ಚಾಚಾರಿಗೆ ಕೊಟ್ಟು, ರಜೆ ಹಾಕಿ ಸವಣೂರಿನ ಅಕ್ಕನ ಮನೆಯಲ್ಲಿ ಉಳಿದು, ದಿನಾ ಸಂಜೆ ಅಂಗಡಿಯಲ್ಲಿ ಕೂತು ಉಗುರು ಕಚ್ಚುತ್ತಿದ್ದೆ. ಕರೆಂಟು ಹೋದರೆ ನನ್ನ ಜೀವವೇ ಹೋಗುತ್ತಿತ್ತು. "ಗಾಬರಿ ಆಗಬ್ಯಾಡ್ರಿ ಮೇಡಂ, ಆಗ್ತೈತಿ," ಎನ್ನುತ್ತ ಚಾಚಾ ಸಾಲಿಗೊಮ್ಮೆ ಸೇವ್ ಮಾಡುತ್ತಿದ್ದರು. ಆ ನಿಧಾನ ಕಂಡರೆ ನನಗೆ ಮೈ ಉರಿಯುತ್ತಿತ್ತು.

ಗುರುವಾರ ಬೆರಳು ನಡುವೆಯೇ ನಿಂತಿತು.

"ಇಲ್ಲಿ ಬರದೀರಿ, 'ಅವನ ಎಲ್ಲ ಕಾದಂಬರಿಗಳನ್ನೂ ಹೆಂಡತಿ ಚೊಕ್ಕ ಪ್ರತಿ ಮಾಡಿಕೊಟ್ಟಳು' ಅಂತ. ಆಕೀ ಹೆಸರೇನ್ರಿ?"

"ಅದೆಲ್ಲಾ ಈಗ ಯಾಕ ಚಾಚಾ? ಮುಂದ ಹೊಡೀರಿ."

"ಅಲ್ರಿ, ಆತನ ನಾಯಿ ಹೆಸರು ಬರದೀರಿ, ಕುದುರಿ ಹೆಸರು ಬರದೀರಿ. ಅಷ್ಟೂ ಪುಸ್ತಕ ಕೈಲೆ ಬರದಾಕಿ ಹೆಸರಿಲ್ಲ. ಆಕೀ ಬೆರಳು ಎಷ್ಟು ನೊಂದಿರಬೇಕ್ರಿ! ಹೆಸರಿಲ್ಲದ ನಾ ಮುಂದ ಹೋಗೂದಿಲ್ಲ."

ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಉಳಿದದ್ದು ಎರಡೇ ದಿನ, ಟಿಪ್ಪಣಿಗಳೆಲ್ಲ ಹಾನಗಲ್ಲಿನಲ್ಲಿ. ಬೆಳಗಿನ ಬಸ್ಸು ಹಿಡಿದು ಹೋಗಿ, ಕಪಾಟು ಜಾಲಾಡಿ, ಆಕೆಯ ಹೆಸರು ಹುಡುಕಿ, ಎರಡು ಪುಟ ಹೊಸದಾಗಿ ಬರೆದುಕೊಂಡು ಸಂಜೆಗೆ ಓಡಿಬಂದೆ. ಶನಿವಾರ ಮಧ್ಯಾಹ್ನ ಕೊನೆಯದಾಗಿ ಕೃತಜ್ಞತೆಯ ಪುಟ ಗೀಚಿಕೊಟ್ಟೆ. ಚಾಚಾ ಅದನ್ನೂ ಟೈಪ್ ಮಾಡಿದರು. ಪರದೆಯ ಮೇಲಿನ ಹೆಸರುಗಳನ್ನು ಮೇಲಿಂದ ಕೆಳಗೆ ಇನ್ನೊಮ್ಮೆ ಓದಿ, "ಮುಗೀತ್ರಿ," ಎಂದು ಕೀಬೋರ್ಡಿಗೆ ಬಟ್ಟೆ ಹೊದಿಸಿದರು. ಗೆದ್ದೆನಲ್ಲ ಎಂಬ ಸಂಭ್ರಮದಲ್ಲಿ ನಾನು ಅವರ ಮುಖ ನೋಡಲಿಲ್ಲ.

ಪುಸ್ತಕ ಬಂತು. ಓದಿದವರೆಲ್ಲ ಮೆಚ್ಚಿಕೊಂಡಿದ್ದು ಹೆಂಡತಿಯ ಆ ಎರಡು ಪುಟಗಳನ್ನೇ. ಪ್ರತಿ ಹಿಡಿದುಕೊಂಡು ಅಂಗಡಿಗೆ ಹೋದರೆ ಬಾಗಿಲು ಹಾಕಿತ್ತು. ಚಾಚಾ ತೀರಿಕೊಂಡು ಎಂಟು ದಿನವಾಗಿತ್ತು. ಮನೆ ಹುಡುಕಿಕೊಂಡು ಹೋದೆ. ಅವರ ಮಗಳು ಪುಸ್ತಕ ಇಸಿದುಕೊಂಡು, ಕೃತಜ್ಞತೆಯ ಪುಟದ ಮೇಲೆ ಬೆರಳಿಟ್ಟು ಒಂದೊಂದೇ ಹೆಸರು ಓದಿದಳು.

"ಅಬ್ಬಾನ ಹೆಸರು ಎಲ್ಲೈತ್ರಿ ಮೇಡಂ?"

ಇರಲಿಲ್ಲ. ಪ್ರಾಚಾರ್ಯರಿಂದ ಹಿಡಿದು ಗ್ರಂಥಾಲಯದ ಜವಾನನವರೆಗೆ ಹದಿನೇಳು ಜನರನ್ನು ನೆನೆದಿದ್ದೆ. ಅಷ್ಟೂ ಹೆಸರು ಟೈಪ್ ಮಾಡಿದವರು ಅವರೇ. ಮುಂದಿನ ಮುದ್ರಣದಲ್ಲಿ ಹಾಕಿಸುತ್ತೇನೆ ಎನ್ನುತ್ತ ಬರೆದುಕೊಳ್ಳಲು ಪೆನ್ನು ತೆಗೆದೆ. ಅಮೆರಿಕದ ಆ ಲೇಖಕನ ಅಜ್ಜನ ಹೆಸರೂ ನನಗೆ ಬಾಯಿಪಾಠ. ಚಾಚಾರ ಹೆಸರನ್ನು ನಾನು ಕೇಳಿಯೇ ಇರಲಿಲ್ಲ.