ವಾರಗಿತ್ತಿಯ ಒನಕೆ, ಗ್ರಹಣದ ಕಬಡ್ಡಿ

ಗ್ರಹಣ ಬಿಟ್ಟಿತೋ ಇಲ್ಲವೋ ಎಂದು ನೀವು ಯಾರನ್ನು ಕೇಳುತ್ತೀರಿ, ಸೂರ್ಯನನ್ನೋ ಒನಕೆಯನ್ನೋ? ನಗಬೇಡಿ. ನನ್ನ ವಾರಗಿತ್ತಿಯ ಊರಿನಲ್ಲಿ ಒನಕೆಯನ್ನೇ ಕೇಳುತ್ತಾರೆ.

ನಾನೂ ಅವಳೂ ಒಂದೇ ಮನೆಗೆ ಸೊಸೆಯರಾಗಿ ಬಂದವರು. ಅವಳು ನನ್ನ ಮೈದುನನನ್ನು ಕರೆದುಕೊಂಡು ಶ್ರೀನಿವಾಸಪುರದಾಚೆ ತನ್ನ ತವರೂರಿಗೆ ಹೋಗಿ ಮೂವತ್ತು ವರ್ಷವಾಯಿತು. ಅಷ್ಟು ದೂರ ಸಾಲದು ಎಂದು ಈಗಲೂ ಅನಿಸುತ್ತದೆ.

ಆ ಡಿಸೆಂಬರಿನ ಸೂರ್ಯಗ್ರಹಣದ ದಿನವೇ ಹೆಣ್ಣುಮಕ್ಕಳ ಕಬಡ್ಡಿ ಫೈನಲ್ ಅವಳೂರಿನ ಮೈದಾನದಲ್ಲೇ ಬಿತ್ತು. ಅವಳೂರಿಗೂ ನಮ್ಮೂರಿಗೂ. ನಮ್ಮ ತಂಡದ ನಾಯಕಿ ನನ್ನ ಮೊಮ್ಮಗಳು. ನರಸಾಪುರದ ಫ್ಯಾಕ್ಟರಿಯಲ್ಲಿ ಅವಳಿಗೆ ಮಧ್ಯಾಹ್ನದ ಶಿಫ್ಟ್. ಹನ್ನೊಂದೂವರೆಗೆ ಮೈದಾನದ ಪಕ್ಕದ ರಸ್ತೆಗೇ ಕಂಪನಿ ಬಸ್ಸು ಬರುತ್ತಿತ್ತು. ತಂಡದ ಇನ್ನೂ ಮೂವರು ಅದೇ ಬಸ್ಸಿನವರು. ಅಷ್ಟರೊಳಗೆ ಆಟ ಮುಗಿಯದಿದ್ದರೆ ಮುಂದಿದ್ದವರಿಗೇ ಕಪ್ ಎಂದು ಮೊದಲೇ ಮಾತಾಗಿತ್ತು.

ಅರ್ಧ ಆಟ ಮುಗಿದಾಗ ನಾವು ಎರಡು ಪಾಯಿಂಟು ಹಿಂದೆ. ಆಗಲೇ ಬಿಸಿಲು ಮಂಕಾಯಿತು. ವಾರಗಿತ್ತಿ ಮನೆಯಿಂದ ಹಿತ್ತಾಳೆ ತಟ್ಟೆಯಲ್ಲಿ ನೀರು ತಂದು ಅದರಲ್ಲಿ ಒನಕೆ ನಿಲ್ಲಿಸಿದಳು. ಗ್ರಹಣ ಇರುವಷ್ಟು ಹೊತ್ತು ಒನಕೆ ನಿಂತಿರುತ್ತದೆ, ಬಿಟ್ಟ ಕೂಡಲೇ ತಾನೇ ಬೀಳುತ್ತದೆ, ಅಲ್ಲಿಯವರೆಗೆ ಯಾರೂ ಅಂಕಣಕ್ಕೆ ಕಾಲಿಡಕೂಡದು ಎಂದಳು. ವಿಶಲ್ ಊದುವವರು ಅವಳೂರಿನದೇ ರಿಟೈರಾದ ಡ್ರಿಲ್ ಮೇಷ್ಟ್ರು. ಆಗಲಿ ಎಂದರು. ಗೆಲ್ಲುತ್ತಿರುವವರಿಗೆ ಭಕ್ತಿ ಬಹಳ ಬೇಗ ಬರುತ್ತದೆ.

ಹುಡುಗಿಯರು ನೀರೂ ಕುಡಿಯದೆ ಕೂತರು. ಯಾರದೋ ಗ್ರಹಣದ ಕನ್ನಡಕ ಕೈಯಿಂದ ಕೈಗೆ ದಾಟಿ ನನಗೆ ಸಿಕ್ಕಾಗ ಸೂರ್ಯ ತೆಳ್ಳನೆಯ ಕುಡುಗೋಲಿನಂತಿದ್ದ. ಮಾವಿನ ಮರದ ಕೆಳಗೆ ಬಿದ್ದ ಬಿಸಿಲಿನ ಚುಕ್ಕಿಗಳೂ ಹಾಗೆಯೇ, ನೆಲದ ತುಂಬ ಪುಟ್ಟ ಕುಡುಗೋಲುಗಳು. ಚಂದವಿತ್ತು. ಎದುರಿಗೆ ಅವಳ ಮುಖ ಇಲ್ಲದಿದ್ದರೆ ಇನ್ನೂ ಚಂದವಿರುತ್ತಿತ್ತು.

ಹನ್ನೊಂದು ದಾಟುತ್ತಿದ್ದಂತೆ ಚುಕ್ಕಿಗಳೆಲ್ಲ ದುಂಡಗಾದವು. ಒನಕೆ ಮಾತ್ರ ಕದಲಲಿಲ್ಲ. ತಳ ಸಪಾಟಾಗಿದ್ದರೆ ಯಾಕೆ ಬೀಳುತ್ತದೆ? ನಾನೇ ಎದ್ದು ಹೋಗಿ, ಸೀರೆ ಸರಿಮಾಡಿಕೊಳ್ಳುವವಳ ಹಾಗೆ ಬಗ್ಗಿ, ಕಾಲಿನಿಂದ ತಟ್ಟೆಗೆ ಒಂದು ತಾಗಿಸಿದೆ. ದಡ್ ಎಂದು ಬಿತ್ತು. ಮೇಷ್ಟ್ರು ವಿಶಲ್ ಬಾಯಿಗಿಟ್ಟರು, ಹುಡುಗಿಯರು ಎದ್ದರು.

“ನೀನ್ ಒದ್ದೆ ಕಣಕ್ಕಾ,” ಎಂದಳು ವಾರಗಿತ್ತಿ. “ನಿಮ್ಮೂರೋರ್ಗೆ ಗೆಲ್ಲಕ್ಕೆ ಬೇರೆ ದಾರಿ ಇಲ್ವಾ?”

ಮೇಷ್ಟ್ರು ಹೋಗಲಿ ಬಿಡಮ್ಮ ಎಂದು ಅವಳನ್ನು ಸುಮ್ಮನಾಗಿಸಿದರು. ಅಲ್ಲಿಗೆ ನಾನೂ ಸುಮ್ಮನಾಗಬೇಕಿತ್ತು. ಆಗಲಿಲ್ಲ.

“ಒದೀದಿದ್ರೆ ನಿನ್ ಒನಕೆ ಸಂಕ್ರಾಂತಿವರ್ಗೂ ನಿಂತಿರ್ತದೆ. ನೋಡೇ,” ಎಂದು ಅದನ್ನು ಎತ್ತಿ ಅದೇ ತಟ್ಟೆಯಲ್ಲಿ ಮತ್ತೆ ನಿಲ್ಲಿಸಿ ಕೈಬಿಟ್ಟೆ. ನಿಂತಿತು. ಗೆದ್ದೆ ಎಂದುಕೊಂಡು ಎಲ್ಲರ ಕಡೆ ತಿರುಗಿದೆ.

ಮೇಷ್ಟ್ರು ವಿಶಲನ್ನು ಬಾಯಿಂದ ತೆಗೆದು ಜೇಬಿಗೆ ಹಾಕಿಕೊಂಡರು. ಒನಕೆ ನಿಂತಿದೆಯಲ್ಲಮ್ಮ, ಗ್ರಹಣ ಇನ್ನೂ ಬಿಟ್ಟಿಲ್ಲ ಎಂದರು. ನಾನು ನೆಲ ತೋರಿಸಿದೆ, ಆಕಾಶ ತೋರಿಸಿದೆ. ಎಲ್ಲರೂ ಒನಕೆಯನ್ನೇ ನೋಡುತ್ತಿದ್ದರು. ವಾರಗಿತ್ತಿ ಅದಕ್ಕೆ ಕೈಮುಗಿದಳು. ನನ್ನ ವಾದ ಮುಗಿಯುವ ಮೊದಲೇ ಬಸ್ಸು ಹಾರನ್ ಹೊಡೆಯಿತು.

ಮೊಮ್ಮಗಳು ಚಪ್ಪಲಿ ಕೈಯಲ್ಲಿ ಹಿಡಿದು ರಸ್ತೆಯ ಕಡೆ ಓಡಿದಳು. ನಾನೂ ಹಿಂದೆಯೇ ಹೋಗಿ, ಗ್ರಹಣ ಯಾವಾಗಲೋ ಬಿಟ್ಟಿತ್ತು, ನಾನು ಹೇಳಿದ್ದೇ ನಿಜ ಎಂದೆ.

ಬಸ್ಸಿನ ಮೆಟ್ಟಿಲ ಮೇಲೆ ನಿಂತು ತಿರುಗಿದಳು.

“ನಿಜ ಕಣಜ್ಜಿ. ಬಿದ್ದಿದ್ ಒನಕೇನ ಎತ್ ನಿಲ್ಸಿದ್ಯಾರು?”